ಕೌದಿಗೊಂದು ಪ್ರಗತಿ ಪರಿಶೀಲನಾ ಸಭೆ

ಕೌದಿಗೆ ಯಾರೂ ಶಂಕುಸ್ಥಾಪನೆ ಮಾಡುವುದಿಲ್ಲ. ಬಹುಶಃ ಅದಕ್ಕೇ ಅದು ಮುಗಿಯುತ್ತದೆ.

ನಮ್ಮೂರು ನರೇಗಲ್ಲಿನ ಯಾವ ಮನೆಗಾದರೂ ಹೋಗಿ, ಪಡಸಾಲೆಯಲ್ಲಿ ಹಾಸಿಕೊಂಡಿರುವ ಅರ್ಧ ಹೊಲಿದ ಕೌದಿ ಶುರುವಾದದ್ದು ಯಾವಾಗ ಎಂದು ಯಜಮಾನರನ್ನು ಕೇಳಿ. ತಲೆ ಕೆರೆದುಕೊಳ್ಳುತ್ತಾರೆ. ಅವರ ತಪ್ಪೇನಿಲ್ಲ. ಪೆಂಡಾಲ್ ಹಾಕಿಲ್ಲ, ಗುದ್ದಲಿ ಪೂಜೆ ಆಗಿಲ್ಲ, ಫ್ಲೆಕ್ಸಿನಲ್ಲಿ ಯಾರೂ ಕೈಮುಗಿದು ನಿಂತಿಲ್ಲ. ಇಷ್ಟೂ ಇಲ್ಲದೆ ಒಂದು ಕೆಲಸ ಶುರುವಾಗಿಬಿಡುತ್ತದೆ ಎಂದರೆ ಈ ರಾಜ್ಯದ ಯಾವ ಪ್ರಜೆ ನಂಬಿಯಾನು?

ನಿಜ ಹೇಳಬೇಕೆಂದರೆ ಕೌದಿ ಶುರುವಾಗುವುದು ನೆಲದ ಮೇಲಲ್ಲ, ನಾಗೊಂದಿಯ ಮೇಲೆ. ಅಲ್ಲೊಂದು ಗಂಟು ಇರುತ್ತದೆ. ಹರಿದ ಇಳಕಲ್ ಸೀರೆ, ತೀರಿಕೊಂಡ ಅಜ್ಜನ ಧೋತರ, ಗುಳೇದಗುಡ್ಡ ಖಣದ ಕುಪ್ಪಸದಲ್ಲಿ ಬಗಲು ಬಿಟ್ಟು ಉಳಿದ ಭಾಗ, ಮೊಮ್ಮಗನ ಸಾಲಿ ಅಂಗಿ, ದರ್ಜಿಯ ಅಂಗಡಿಯಿಂದ ಕೇಳಿ ತಂದ ಚಿಂದಿ, ಎಲ್ಲಾ ಅದರೊಳಗೆ. ಮನೆಯಲ್ಲಿ ಯಾರೇ ಹಳೆಯ ಅರಿವಿ ಎಸೆಯಲು ಕೈ ಎತ್ತಿದರೂ ಒಳಗಿನಿಂದ ಒಂದು ಕೂಗು ಬರುತ್ತದೆ: "ಒಗೀಬ್ಯಾಡೋ, ಕೌದಿಗಿ ಬರ್ತೈತಿ!" ಈ ಕೂಗು ಕೇಳುತ್ತಾ ಕೇಳುತ್ತಾ ನಾಲ್ಕೈದು ವರ್ಷ ಕಳೆಯುತ್ತವೆ. ಗಂಟು ಉಬ್ಬುತ್ತದೆ. ನಮ್ಮ ಎಂಜಿನಿಯರುಗಳು ಇದಕ್ಕೆ 'ಸಾಮಗ್ರಿ ಸಂಗ್ರಹಣಾ ಹಂತ' ಎಂದು ಹೆಸರಿಟ್ಟು, ಗೋದಾಮು ಕಟ್ಟಿಸಿ, ಗೋದಾಮಿಗೆ ಕಾವಲುಗಾರನನ್ನು ನೇಮಿಸಿ, ಅವನ ಬಾಕಿ ಸಂಬಳದ ಕೇಸು ನ್ಯಾಯಾಲಯಕ್ಕೆ ಹೋಗುವ ತನಕ ವಿಷಯವನ್ನು ಚೆನ್ನಾಗಿ ಬೆಳೆಸುತ್ತಿದ್ದರು. ನಮ್ಮ ಅವ್ವಂದಿರು ಅಷ್ಟು ಓದಿಲ್ಲ. ಗಂಟು ಉಬ್ಬಿದರೆ ಇಳಿಸಿ ಹೊಲಿಯುತ್ತಾರೆ.

ಇಳಿಸುವುದೂ ಯಾವಾಗೆಂದರೆ ಆವಾಗಲ್ಲ. ಹಿಂಗಾರಿ ಜೋಳ, ಕಡಲೆ ಮನೆಗೆ ಬಂದು, ಸುಗ್ಗಿ ಮುಗಿದು, ಯುಗಾದಿ ಹತ್ತಿರವಾದ ಮೇಲೆ. ಕಪ್ಪು ಮಣ್ಣಿನ ಈ ಸೀಮೆಯಲ್ಲಿ ಮುಂಗಾರು ಬಿದ್ದಿತೆಂದರೆ ಹೆಸರು ಬಿತ್ತಬೇಕು, ಕಳೆ ತೆಗೆಯಬೇಕು, ಕಾಯಿ ಬಿಡಿಸಬೇಕು. ಅಷ್ಟರಲ್ಲಿ ಪಂಚಮಿ ಬಂದು ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಉಂಡಿ ಕಟ್ಟಬೇಕು. ಹೀಗಾಗಿ ಬೇಸಿಗೆಯ ಎರಡು ಮೂರು ತಿಂಗಳಷ್ಟೇ ಕೌದಿಗೆ ಸಿಗುವ ಕಾಲಾವಕಾಶ. ಆ ಅವಧಿಯಲ್ಲಿ ಮುಗಿಯದಿದ್ದರೆ ಸುತ್ತಿ ಮೂಲೆಗೆ ನಿಲ್ಲಿಸುತ್ತಾರೆ, ಮರುವರ್ಷ ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತಾರೆ. ಪರಿಷ್ಕೃತ ಅಂದಾಜು ಪಟ್ಟಿ ಎಂಬುದು ಇರುವುದಿಲ್ಲ. ಹೋದ ವರ್ಷದ ಹೊಲಿಗೆ ಈ ವರ್ಷವೂ ಹೋದ ವರ್ಷದ ಬೆಲೆಯಲ್ಲೇ ಕೂತಿರುತ್ತದೆ.

ಹೊಲಿಯುವುದನ್ನು ಹತ್ತಿರ ಕೂತು ನೋಡಿದವರಿಗೆ ಗೊತ್ತು. ಕೆಳಗೊಂದು ಗಟ್ಟಿ ಸೀರೆ ಹಾಸಿ, ನಾಲ್ಕು ಮೂಲೆಗೆ ಗುಂಡಕಲ್ಲೋ ತಂಬಿಗೆಯೋ ಹೇರಿ, ಮೇಲೆ ಮೆತ್ತನೆಯ ಧೋತರ, ಅದರ ಮೇಲೆ ಹರಿದದ್ದು, ಅದರ ಮೇಲೆ ಇನ್ನಷ್ಟು ಹರಿದದ್ದು, ಕೊನೆಗೆ ಬಣ್ಣದ ತುಂಡುಗಳನ್ನು ಹೊಂದಿಸಿ ಮೇಲ್ಪದರ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ನಡುವಿಗೆ ಬರುತ್ತದೆ. ಎಡಗೈ ಕೌದಿಯ ಅಡಿಗೆ, ಬಲಗೈ ಮೇಲೆ. ಸೂಜಿ ಕೆಳಗೆ ಇಳಿದದ್ದು ಗೊತ್ತಾಗುವುದು ಎಡಗೈ ಬೆರಳಿಗೆ ಚುಚ್ಚಿದಾಗ. ಆ ಬೆರಳ ತುದಿ ಒಂದೆರಡು ಕೌದಿ ಮುಗಿಯುವಷ್ಟರಲ್ಲಿ ಜೋಳದ ಕೂಳೆಯ ಹಾಗೆ ಗಡುಸಾಗಿರುತ್ತದೆ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಬೆರಳಿನಷ್ಟು ಜಾಗ. ಅದನ್ನು ಅಳೆಯಲು ಪಟ್ಟಿ ಇಲ್ಲ, ಬೆರಳೇ ಇದೆ. ದಿನಕ್ಕೆ ಒಂದು ಗೇಣು ಸರಿದರೆ ದೊಡ್ಡ ಮಾತು. ಮಳೆ ಬಂದು ಒಣಹಾಕಿದ ಮೆಣಸಿನಕಾಯಿ ಎತ್ತಿಡಬೇಕಾಗಿ ಬಂದರೆ ಬೊಗಸೆಯಷ್ಟು.

ಇಂಥದ್ದನ್ನು ಈಗ 'ದೀರ್ಘಾವಧಿ ಪ್ರಾಜೆಕ್ಟ್' ಎನ್ನುತ್ತಾರೆ. ಅಮೆರಿಕಾದಿಂದ ಬೆಂಗಳೂರಿನವರೆಗೆ ಇದಕ್ಕೆ ಪರಿಣತರು ಹುಟ್ಟಿಕೊಂಡಿದ್ದಾರೆ. ದಿನಕ್ಕೆ ಹದಿನೈದು ನಿಮಿಷ ಮೀಸಲಿಡಿ, ಮನೆಯಲ್ಲಿ ಹೊಲಿಗೆಗೆಂದೇ ಒಂದು ಕೋಣೆ ಇಟ್ಟುಕೊಳ್ಳಿ, ಪ್ರತಿ ವಾರ ಎಷ್ಟಾಯಿತೆಂದು ಬರೆದಿಡಿ, ಒಂದು ಹಂತ ಮುಗಿದಾಗ ನಿಮಗೆ ನೀವೇ ಒಂದು ಉಡುಗೊರೆ ಕೊಟ್ಟುಕೊಳ್ಳಿ ಎಂದೆಲ್ಲ ಉಪದೇಶ. ಹೊಲಿಗೆಗೆಂದೇ ಒಂದು ಕೋಣೆ! ನಮ್ಮಲ್ಲಿ ಬಾಣಂತಿಗೇ ಒಂದು ಕೋಣೆ ಹೊಂದಿಸಬೇಕಾದರೆ ಕಡಲೆ ಚೀಲ ಹೊರಗೆ ಇಡಬೇಕಾಗುತ್ತದೆ.

ನನ್ನ ಪರಿಚಯದ ಒಂದು ಮನೆಗೆ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ರಜೆಗೆ ಬಂದಿದ್ದ. ದೊಡ್ಡವ್ವ ಕೌದಿ ಹಾಸಿಕೊಂಡು ಕೂತಿದ್ದಳು. ಇವನಿಗೆ ಪ್ರಾಜೆಕ್ಟ್ ಕಂಡರೆ ಕೈ ತುರಿಸುತ್ತದೆ.

"ದೊಡ್ಡವ್ವಾ, ಇದು ಯಾವಾಗ ಮುಗೀತೈತಿ?"

"ಮುಗಿದಾಗ ಮುಗೀತೈತೆಪಾ."

"ಹಂಗಲ್ಲಬೇ, ಒಂದು ಡೆಡ್‌ಲೈನ್ ಅಂತ ಇರಬೇಕಲ್ಲ?"

"ನಿಮ್ಮಕ್ಕಗ ಎಂಟರಾಗ ಬಿದ್ದಾವು. ಕೂಸು ಮನಿಗೆ ಬರೂದ್ರಾಗ ಮುಗೀಬೇಕು."

ಹುಡುಗ ಸುಮ್ಮನಾದ. ಅವನ ಕಂಪನಿಯ ಯಾವ ಗಡುವೂ ಇಷ್ಟು ಕಟ್ಟುನಿಟ್ಟಾಗಿ ಇದ್ದಿರಲಿಕ್ಕಿಲ್ಲ. ಒಂಬತ್ತು ತಿಂಗಳಿಗೆ 'ಕಾಲಾವಧಿ ವಿಸ್ತರಣೆ' ಕೊಡುವ ಅಧಿಕಾರ ಯಾವ ಮುಖ್ಯ ಎಂಜಿನಿಯರನಿಗೂ ಇಲ್ಲ. ಮುಂದಿನ ತಿಂಗಳು ತೊಟ್ಟಿಲಿಗೆ ಹಾಸುವಷ್ಟು ಚಿಕ್ಕ ಕೌದಿ ತಯಾರಾಗಿತ್ತು, ಉಳಿದ ತುಂಡಿನಲ್ಲಿ ಕುಲಾಯಿ, ಕುಂಚಿಗಿಯೂ. ಹುಡುಗನ ಪ್ರಾಜೆಕ್ಟ್ ಮೊನ್ನೆ ಮೊನ್ನೆ ಕ್ಯಾನ್ಸಲ್ ಆಯಿತಂತೆ.

ಇಷ್ಟಕ್ಕೂ ದಿನಕ್ಕೆ ಹದಿನೈದು ನಿಮಿಷ ಎಲ್ಲಿಂದ ತರುವುದು? ರಾಷ್ಟ್ರೀಯ ಸಾಂಖ್ಯಿಕ ಕಚೇರಿಯವರು 2019ರಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ದೇಶದ ತುಂಬ ಲೆಕ್ಕ ಹಾಕಿದರು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆ ಎಂದು ಬಂತು. ಅದೂ ಮನೆಗೆಲಸಕ್ಕೆ ಕೈ ಹಾಕುವವರ ಸರಾಸರಿ ಮಾತ್ರ. ಕೈ ಹಾಕದ ಮಹನೀಯರನ್ನು ಸೇರಿಸಿಲ್ಲ, ಅಷ್ಟರ ಮಟ್ಟಿಗೆ ನಮ್ಮ ಮಾನ ಉಳಿಯಿತು. 2024ರಲ್ಲಿ ಮತ್ತೆ ಎಣಿಸಿದರು. ಹೆಂಗಸರದು 289ಕ್ಕೆ ಇಳಿದಿತ್ತು. ಗಂಡಸರದೂ ಇಳಿದು 88 ಆಗಿತ್ತು! ಕಳೆದು ನೋಡಿ: ಮೊದಲು ಇಬ್ಬರ ನಡುವಿನ ಅಂತರ 202 ನಿಮಿಷ, ಈಗ 201. ಐದು ವರ್ಷಕ್ಕೆ ಒಂದು ನಿಮಿಷ. ಸ್ಥಿರವಾದ ಪ್ರಗತಿ ಎಂದರೆ ಇದು. ಇದೇ ಹುರುಪಿನಲ್ಲಿ ಹೋದರೆ ಇನ್ನು ಸಾವಿರದೈದು ವರ್ಷದಲ್ಲಿ ಸಮಾನತೆ ಬಂದೇ ಬಿಡುತ್ತದೆ. ನಮ್ಮೂರ ನಾರಾಯಣ ಗುಡಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನ ಕಾಲದ್ದು, 950ರದು. ಅಂದರೆ ಅದು ಕಟ್ಟಿಸಿದಂದಿನಿಂದ ಇಂದಿನವರೆಗೆ ಎಷ್ಟು ಕಾಲ ಹೋಯಿತೋ ಹತ್ತಿರ ಹತ್ತಿರ ಅಷ್ಟೇ ಕಾಲ ಇನ್ನೊಮ್ಮೆ ಹೋದರೆ ಸಾಕು. ಗಂಡಸರು ಗಾಬರಿಪಡಬೇಕಾದ ಕಾರಣವಿಲ್ಲ.

ಈ 289 ನಿಮಿಷದಲ್ಲಿ ಏನೇನಾಗುತ್ತದೆ ಎಂಬುದನ್ನೂ ನೋಡಬೇಕು. ಬೆಳಿಗ್ಗೆ ಬಡಿದ ರೊಟ್ಟಿ ಮಧ್ಯಾಹ್ನಕ್ಕೆ ಇರುವುದಿಲ್ಲ. ತೊಳೆದ ಪಾತ್ರೆ ಸಂಜೆಗೆ ಮತ್ತೆ ಮುಸುರೆ. ಕಸ ಹೊಡೆದ ಅಂಗಳದಲ್ಲಿ ಗಾಳಿ ಮತ್ತೆ ಎಲೆ ತಂದು ಹಾಕಿರುತ್ತದೆ. ಗಜೇಂದ್ರಗಡದ ಗುಡ್ಡದ ಮೇಲೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿದ ಸೀಮೆ ಇದು, ಗಾಳಿಗೇನು ಬರವೇ? ಒಗೆದದ್ದು ಕೊಳೆಯಾಗುತ್ತದೆ, ತುಂಬಿದ ಕೊಡ ಬರಿದಾಗುತ್ತದೆ. ದಿನವಿಡೀ ಮಾಡಿದ್ದರಲ್ಲಿ ಮರುದಿನಕ್ಕೆ ಉಳಿಯುವುದು ಕೌದಿಯ ಮೇಲಿನ ಆ ಒಂದು ಗೇಣು ಮಾತ್ರ. ಅದನ್ನು ಯಾರೂ ತಿನ್ನುವುದಿಲ್ಲ, ಯಾರೂ ಮುಸುರೆ ಮಾಡುವುದಿಲ್ಲ. ದೊಡ್ಡವ್ವನಂಥವರು ಕಣ್ಣು ಕಿರಿದು ಮಾಡಿಕೊಂಡು ಸಂಜೆಯ ಬೆಳಕಿನಲ್ಲಿ ಇನ್ನೊಂದು ಸಾಲು ಎಳೆಯುವುದಕ್ಕೆ ಕಾರಣ ಕಲಾಪ್ರೇಮ ಎಂದು ಪೇಟೆಯವರು ಬರೆಯುತ್ತಾರೆ. ಬರೆಯಲಿ. ಮಾಡಿದ ಕೆಲಸ ಮಾಡಿದ ಹಾಗೇ ಇರುವುದನ್ನು ದಿನಕ್ಕೊಮ್ಮೆಯಾದರೂ ನೋಡಬೇಕೆನ್ನುವ ಆಸೆ ಅದಿರಬೇಕು ಎಂದು ನನಗನ್ನಿಸುತ್ತದೆ.

ಆದರೆ ಯಜಮಾನರ ಬಾಯಲ್ಲಿ ಇದಕ್ಕೆ ಇರುವ ಹೆಸರು ಬೇರೆ: "ಏನಿಲ್ರೀ, ಕೆಲಸಿಲ್ಲದಾಗ ಕೌದಿ ಹೊಲ್ಕೋಂತ ಕುಂದರ್ತಾಳ." ಇದನ್ನು ಅವರು ಹೇಳುವುದು ಕಟ್ಟೆಯ ಮೇಲೆ ಕೂತು, ಬೆಳಗಿನ ಪೇಪರು ಸಂಜೆಗೆ ಎರಡನೇ ಸಲ ಓದುತ್ತಾ.

ಇನ್ನು ಕೆಲವು ಯಜಮಾನರು ಚುರುಕು. ಅವರು ಕೌದಿಯ ವಿಷಯದಲ್ಲಿ ಆಸ್ಥೆ ವಹಿಸುತ್ತಾರೆ. ಅಂದರೆ ಪ್ರಗತಿ ಪರಿಶೀಲನೆ ನಡೆಸುತ್ತಾರೆ. ಊಟವಾದ ಮೇಲೆ ಅಡಕೆ ಬಾಯಿಗೆ ಹಾಕಿಕೊಂಡು ಕೌದಿಯ ಅಂಚಿಗೆ ಬಂದು ನಿಲ್ಲುತ್ತಾರೆ. "ಈ ಮಗ್ಗಲ ಹೊಲಿಗಿ ಸ್ವಲ್ಪ ಸೊಟ್ಟ ಆತ ನೋಡ" ಎನ್ನುತ್ತಾರೆ. "ಕೆಂಪು ತುಂಡು ಇಲ್ಲಿಗಿಂತ ಅಲ್ಲಿ ಚೊಲೊ ಕಾಣ್ತಿತ್ತು" ಎನ್ನುತ್ತಾರೆ. "ಹೋದ ವಾರಾನೂ ಇಷ್ಟ ಇತ್ತಲ್ಲ?" ಎಂದು ಕೇಳುತ್ತಾರೆ. ನಿವೃತ್ತರಾದವರಾದರೆ ಇನ್ನೂ ಒಂದು ಹೆಜ್ಜೆ ಮುಂದೆ. ಇಷ್ಟು ದಿನ ಕೆಳಗಿನವರಿಗೆ ಕೊಡುತ್ತಿದ್ದ ಮೌಖಿಕ ಸೂಚನೆಗಳನ್ನೆಲ್ಲ ಈಗ ಹೆಂಡತಿಗೆ ಕೊಡುತ್ತಾರೆ. ಆಕೆ ಸೂಜಿಯಿಂದ ತಲೆ ಎತ್ತುವುದಿಲ್ಲ. ಸಭೆ ಯಶಸ್ವಿಯಾಗಿ ಮುಕ್ತಾಯವಾಗುತ್ತದೆ, ಯಜಮಾನರು ಮಲಗಲು ಹೋಗುತ್ತಾರೆ. ಹೋಗುವಾಗ ಹೊಲಿಗೆಯ ಮೇಲೆ ಕಾಲಿಟ್ಟೇ ಹೋಗುತ್ತಾರೆ.

ಈ ಪರಿಶೀಲನೆಯ ವಿದ್ಯೆಯನ್ನು ಅವರು ಕಲಿತದ್ದು ಎಲ್ಲಿಂದ ಎಂದು ಬೇರೆ ಹೇಳಬೇಕಿಲ್ಲ. ಪಕ್ಕದ ನರಗುಂದಕ್ಕೆ ಹೋದರೆ ಸಾಕು. ಮಹಾದಾಯಿಯ ನೀರು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿಯ ಮಾತು 1980ರ ದಶಕದ ಕೊನೆಯಿಂದ ನಡೆದಿದೆ. 2002ರಲ್ಲಿ ಕೇಂದ್ರ ತಾತ್ವಿಕ ಒಪ್ಪಿಗೆ ಎಂಬ ಒಂದು ಹೊಲಿಗೆ ಹಾಕಿತು; ಅದೇ ವರ್ಷ ಬಿಚ್ಚಿತು. 2006ರಲ್ಲಿ ಕಣಕುಂಬಿಯಲ್ಲಿ ಶಂಕುಸ್ಥಾಪನೆಯಾಯಿತು. 2010ರಲ್ಲಿ ನ್ಯಾಯಮಂಡಳಿ ಬಂತು. 2015ರ ಜುಲೈನಲ್ಲಿ ನರಗುಂದದ ರೈತರು ರಸ್ತೆ ಬದಿಗೆ ವೇದಿಕೆ ಹಾಕಿ ಧರಣಿ ಕೂತರು, ವರ್ಷಗಟ್ಟಲೆ ಏಳಲಿಲ್ಲ. 2018ರ ಆಗಸ್ಟ್‌ನಲ್ಲಿ ತೀರ್ಪು ಬಂತು, ಕರ್ನಾಟಕಕ್ಕೆ 13.42 ಟಿಎಂಸಿ ಎಂದು. ಅದರಲ್ಲಿ ಕಳಸಾ-ಬಂಡೂರಿಗೆ 3.9. ಅದನ್ನು ಗೆಜೆಟ್ಟಿನಲ್ಲಿ ಹಾಕಲು 2020ರ ಫೆಬ್ರವರಿ ಬೇಕಾಯಿತು. 2022ರ ಡಿಸೆಂಬರಿನಲ್ಲಿ ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗ ಒಪ್ಪಿತು, ಊರೂರಲ್ಲಿ ಪಟಾಕಿ ಹೊಡೆದು ಪೇಡೆ ಹಂಚಿದರು. ಆಮೇಲೆ ಅರಣ್ಯದ ಅನುಮತಿ, ವನ್ಯಜೀವಿಯ ಅನುಮತಿ ಎಂದು ಕಡತ ಮತ್ತೆ ಊರು ಸುತ್ತಲು ಹೊರಟಿತು.

ಎಲ್ಲ ಪಕ್ಷದವರೂ ಇದಕ್ಕೆ ತಮ್ಮ ತಮ್ಮ ತುಂಡು ತಂದು ಇಟ್ಟಿದ್ದಾರೆ. ಬಣ್ಣ ಬಣ್ಣದ ತುಂಡು. ಇಟ್ಟು ಫೋಟೊ ತೆಗೆಸಿಕೊಂಡು ಹೋಗಿದ್ದಾರೆ. ಹೊಲಿಯುವವರು ಮಾತ್ರ ಬಂದಿಲ್ಲ. 2006ರ ಆ ಶಂಕುಸ್ಥಾಪನೆಯ ದಿನ ಹುಟ್ಟಿದ ಕೂಸಿಗೆ ಹೊಲಿದ ಕೌದಿ ಹಾಸಿ, ಹೊದ್ದು, ತಮ್ಮನಿಗೆ ಹೋಗಿ, ಸವೆದು, ಈಗ ಇನ್ನೊಂದು ಕೌದಿಯ ಹೊಟ್ಟೆಯೊಳಗೆ ಸೇರಿದೆ. ಕೂಸಿಗೆ ವೋಟು ಹಾಕುವ ವಯಸ್ಸಾಗಿದೆ. ಹೋಗಲಿ, ನೀರಾವರಿ ನಿಗಮಕ್ಕೆ ಒಮ್ಮೆ ನರೇಗಲ್ಲಿನ ಮುದುಕಿಯೊಬ್ಬಳನ್ನು ವ್ಯವಸ್ಥಾಪಕ ನಿರ್ದೇಶಕಳನ್ನಾಗಿ ಮಾಡಿ ನೋಡಿದರೆ ಕೆಡುವುದೇನು? ಅಡ್ಡಿ ಇರುವುದು ಒಂದೇ: ಆಕೆ ಬೇಸಿಗೆಯೊಳಗೆ ಮುಗಿಸಿಬಿಟ್ಟರೆ ಮುಂದಿನ ಚುನಾವಣೆಗೆ ಏನು ಉಳಿಯುತ್ತದೆ?

ಕೌದಿಯ ಒಳಪದರಕ್ಕೆ ಬರೋಣ. ಹಿಂದೆ ಅದು ಬರೀ ಹತ್ತಿ. ಹತ್ತಿಯ ಸೀಮೆಯಲ್ಲಿ ಬೇರೇನಿರಲು ಸಾಧ್ಯ? ಬೆವರು ಕುಡಿಯುತ್ತದೆ, ಸೂಜಿ ಸಲೀಸಾಗಿ ಇಳಿಯುತ್ತದೆ, ತೊಳೆದಷ್ಟೂ ಮೆತ್ತಗಾಗುತ್ತದೆ. ಈಗ ಗಂಟು ಬಿಚ್ಚಿದರೆ ಹೊರಬರುವುದು ಪಾಲಿಯೆಸ್ಟರ್ ಸೀರೆ, ನೈಟಿ, ಲೆಗಿನ್ಸು, ಯಾವುದೋ ಸಮಾವೇಶದಲ್ಲಿ ಹಂಚಿದ ಟೀ ಶರ್ಟು. ಸೂಜಿ ಜಾರುತ್ತದೆ, ಪದರ ಸರಿಯುತ್ತದೆ, ಹೊದ್ದವರಿಗೆ ಬೇಸಿಗೆಯಲ್ಲಿ ಬೇಯುತ್ತದೆ, ಚಳಿಗಾಲದಲ್ಲಿ ಥಣ್ಣಗಿರುತ್ತದೆ. ದೇಶದ ಜವಳಿ ನೀತಿಯನ್ನು ಅರ್ಥ ಮಾಡಿಕೊಳ್ಳಬೇಕೆಂದವರು ವರದಿ ಓದುವ ಬದಲು ಒಂದು ಹಳೆ ಕೌದಿಯನ್ನೂ ಒಂದು ಹೊಸ ಕೌದಿಯನ್ನೂ ಬಿಚ್ಚಿ ನೋಡಬಹುದು.

ಆದರೆ ಹೊಸ ಸಾಮಗ್ರಿಗಳಲ್ಲೆಲ್ಲ ತಲೆನೋವಿನದು ಸನ್ಮಾನದ ಶಾಲು. ನಮ್ಮ ಭಾಗದಲ್ಲಿ ಈಗ ಸನ್ಮಾನ ಆಗದೆ ಉಳಿದ ಗಂಡಸು ಸಿಗುವುದು ಕಷ್ಟ. ನಿವೃತ್ತಿಯಾದರೆ ಶಾಲು, ಆಯ್ಕೆಯಾದರೆ ಶಾಲು, ಆಯ್ಕೆಯಾದವರಿಗೆ ಶಾಲು ಹೊದಿಸಿದ್ದಕ್ಕೆ ಪ್ರತಿಯಾಗಿ ಶಾಲು. ಒಬ್ಬೊಬ್ಬರ ಮನೆಯಲ್ಲಿ ಟ್ರಂಕು ತುಂಬ. ಜರಿಯಂತೆ ಮಿಂಚುತ್ತದೆ, ಮುಟ್ಟಿದರೆ ಚರಚರ ಎನ್ನುತ್ತದೆ. ಹೊದೆಯಲು ಬಾರದು, ಹಾಸಲು ಬಾರದು, ಒರೆಸಲು ನೀರು ಹೀರದು. ಕೊನೆಗೆ ಮನೆಯಾಕೆ ಒಂದು ದಿನ ಎಲ್ಲವನ್ನೂ ತೆಗೆದು ಕೌದಿಯ ಹೊಟ್ಟೆಗೆ ಹಾಕುತ್ತಾಳೆ. ಒಳಗೆ ಯಾರಿಗೂ ಕಾಣಿಸದ ಹಾಗೆ, ಮೇಲೆ ಹಳೆ ಧೋತರ, ಕೆಳಗೆ ಹಳೆ ಸೀರೆ. ತಾಲ್ಲೂಕಿನ ಸಮಸ್ತ ಗೌರವವನ್ನೂ ಒಟ್ಟುಗೂಡಿಸಿದರೂ ಒಬ್ಬ ಮನುಷ್ಯನಿಗೆ ಎಳ್ಳಮಾವಾಸ್ಯೆಯ ಚಳಿ ತಡೆಯುವಷ್ಟು ಬಿಸಿ ಹುಟ್ಟುವುದಿಲ್ಲ ಎಂಬುದನ್ನು ಹೀಗೆ ಪ್ರಯೋಗ ಮಾಡಿ ಕಂಡುಕೊಂಡವಳು ಅವಳೇ.

ಇತ್ತೀಚೆಗೆ ಕೌದಿಗೂ ಸನ್ಮಾನದ ಕಾಲ ಬಂದಿದೆ. 'ನಶಿಸುತ್ತಿರುವ ಕಲೆ'ಯನ್ನು ಉಳಿಸಲು ಕಾರ್ಯಾಗಾರಗಳು ನಡೆಯುತ್ತವೆ. ಉದ್ಘಾಟಕರು ಬರುವುದು ತಡ, ಆದ್ದರಿಂದ ಸ್ವಾಗತ ತಡ, ಪ್ರಾಸ್ತಾವಿಕ ನುಡಿ ಉದ್ದ, ಅಧ್ಯಕ್ಷೀಯ ಭಾಷಣ ಅದಕ್ಕಿಂತ ಉದ್ದ. ಕೌದಿಯಲ್ಲಿ ಸಾಮರಸ್ಯವಿದೆ, ಕೌದಿಯಲ್ಲಿ ಭಾರತೀಯತೆ ಇದೆ, ಕೌದಿಯೇ ಸಂವಿಧಾನ ಎಂದೆಲ್ಲ ಹೇಳಿ ಮುಗಿಸುವಾಗ ಊಟದ ಹೊತ್ತು. ಊಟವಾದ ಮೇಲೆ ಪ್ರಮಾಣಪತ್ರ. ಹಳ್ಳಿಗಳಿಂದ ಕರೆತಂದ ಹೆಂಗಸರು ಇಡೀ ದಿನದಲ್ಲಿ ಸೂಜಿ ಹಿಡಿಯುವುದು ಫೋಟೊ ತೆಗೆಯುವಾಗ ಮಾತ್ರ. ಆ ದಿನ ಮನೆಯಲ್ಲೇ ಇದ್ದಿದ್ದರೆ ಒಂದು ಗೇಣಾದರೂ ಆಗುತ್ತಿತ್ತು.

ಹೊರದೇಶದ ಕಥೆಯೂ ಇಂಥದ್ದೇ, ಆದರೆ ದುಡ್ಡು ಮಾತ್ರ ಬೇರೆ. ಅಮೆರಿಕಾದ ಅಲಬಾಮಾದಲ್ಲಿ ಜೀಸ್ ಬೆಂಡ್ ಎಂಬ ಊರು. ಗುಲಾಮರಾಗಿದ್ದವರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿರುವುದು. ಹೊಲದಲ್ಲಿ ಸವೆದ ಪ್ಯಾಂಟು, ಅಂಗಿಗಳನ್ನು ಹೆಂಗಸರು ಚಳಿಗೆಂದು ಕೌದಿ ಮಾಡುತ್ತಿದ್ದರು. 2002ರಲ್ಲಿ ಅವನ್ನು ಹ್ಯೂಸ್ಟನ್ನಿನ ಮ್ಯೂಸಿಯಮ್ಮಿನ ಗೋಡೆಗೆ ತೂಗುಹಾಕಿದರು, ಅಲ್ಲಿಂದ ನ್ಯೂಯಾರ್ಕಿಗೆ ಹೋದವು, 2006ರಲ್ಲಿ ಅಂಚೆ ಚೀಟಿಯ ಮೇಲೂ ಬಂದವು. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಗಳೂ (ಅವರ ಬಾಯಲ್ಲಿ ಕವಂದಿ) ಹಾಗೇ ದೂರ ಹೋದವು. ನಾಲ್ಕು ಮೂಲೆಗೆ ಮಡಚಿದ ತ್ರಿಕೋನದ 'ಫುಲಾ' ಹಚ್ಚದೆ ಅವರು ಕವಂದಿ ಮುಗಿಯಿತೆನ್ನುವುದಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಅವರ ಒತ್ತಾಸೆಯಿಂದ 2004ರಲ್ಲಿ ಅವರದೊಂದು ಸಹಕಾರಿ ಕೂಟ ಆಯಿತು, 2011ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನವಾಯಿತು. ಕೈಗೆ ಒಂದಿಷ್ಟು ಕಾಸು ಬಂತೆಂದರೆ ಅದನ್ನು ಹೀಯಾಳಿಸುವ ನಾಲಿಗೆ ನನ್ನದಲ್ಲ. ಗೋಡೆಗೆ ತೂಗಿದ ಕೌದಿ ಯಾರ ಮೈಗೂ ಬೆಚ್ಚಗಾಗದಿದ್ದರೂ ಹೊಲಿದವರ ಒಲೆ ಉರಿಸಿದರೆ ಸಾಕು.

ನನ್ನ ತಕರಾರಿರುವುದು ನಮ್ಮ ಬಾಗಿಲ ಮುಂದಿನ ಲೆಕ್ಕದ ಮೇಲೆ. ಸ್ವಂತ ಹೊಲಿಯಲು ಆಗದವರ ಮನೆಗೆ ಗೊಂಧಳಿ ಹೆಂಗಸರು ಬರುತ್ತಾರೆ, "ಕೌದಿ ಹೊಲಸ್ತೀರೇನ್ರೀ ಯವ್ವಾ" ಎಂದು ಓಣಿಯಲ್ಲಿ ಕೂಗುತ್ತಾ. ಕಟ್ಟೆಯ ಮೇಲೆ ಕೂತು ಮಾತು ಶುರುವಾಗುತ್ತದೆ.

"ಎಷ್ಟ ತಗೊಂತೀ?"

ಆಕೆ ಒಂದು ಮೊತ್ತ ಹೇಳುತ್ತಾಳೆ. ಮನೆಯಾಕೆ ಹೌಹಾರುತ್ತಾಳೆ.

"ಯವ್ವಾ! ಅಷ್ಟಕ್ಕ ಪೇಟ್ಯಾಗ ಬ್ಲ್ಯಾಂಕೆಟ್ ಬರ್ತೈತಿ. ಅರಿವಿ ನಮ್ಮೂವು, ದಾರ ನಮ್ದು. ನಿಂದೇನೈತಿ?"

"ಕೈ ನಮ್ದೈತಲ್ರೀ."

"ಕೈಗೇನ ಖರ್ಚೈತಿ?"

ಒಂದಿಷ್ಟು ರೊಕ್ಕ, ಎರಡು ಸೇರು ಜೋಳ, ಮಧ್ಯಾಹ್ನಕ್ಕೆ ರೊಟ್ಟಿ ಪಲ್ಯ ಎಂದು ಒಪ್ಪಂದವಾಗುತ್ತದೆ. ಇದೇ ಮನೆಯ ಮಗಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಅದೇ ಬಗೆಯ ಒಂದು ಹೊದಿಕೆಯನ್ನು 'ಪರಿಸರಸ್ನೇಹಿ' ಎಂಬ ಚೀಟಿ ಅಂಟಿಸಿದ್ದಕ್ಕೆ ಬಾಯಿ ಮುಚ್ಚಿಕೊಂಡು ಹಲವು ಸಾವಿರ ಕೊಟ್ಟು ತರುತ್ತಾಳೆ. ತಂದು ಹೊದೆಯುವುದಿಲ್ಲ; ಸೋಫಾದ ಬೆನ್ನಿಗೆ ಹಾಕುತ್ತಾಳೆ. ನೆಂಟರು ಒರಗಿ ಕೂತರೆ ಎಬ್ಬಿಸುತ್ತಾಳೆ.

ಕೌದಿ ಮುಗಿದ ಮೇಲೆ ಏನಾಗುತ್ತದೆ? ಯಜಮಾನರು ಬಂದವರಿಗೆ ತೋರಿಸುತ್ತಾರೆ: "ನಾವ ಹೊಲಿಸಿದ್ದು." ನಮ್ಮೂರಿಗೆ ಇದು ಹೊಸತಲ್ಲ. ಆ ನಾರಾಯಣ ಗುಡಿ ಮೂಲದಲ್ಲಿ ಬಸದಿ. ಗಂಗ ಪೆರ್ಮಾಡಿ ಭೂತುಗನ ರಾಣಿ ಪದ್ಮಬ್ಬರಸಿ ಕಟ್ಟಿಸಿದ್ದು. ರಾಷ್ಟ್ರಕೂಟರ ಕಾಲದ ದೊಡ್ಡ ಕಟ್ಟಡಗಳಲ್ಲೊಂದು. ಕಟ್ಟಿಸಿದವಳ ಹೆಸರು ಸಾವಿರ ವರ್ಷ ಕಳೆದರೂ ಉಳಿಯಿತು. ಕಲ್ಲು ಹೊತ್ತವರದು, ಕೆತ್ತಿದವರದು ನಮ್ಮ ಬಾಯಲ್ಲಿ ಬರುವುದಿಲ್ಲ. ಆದರೂ ರಾಣಿಯ ಪರವಾಗಿ ಒಂದು ಮಾತು ಹೇಳಬೇಕು. ಆಕೆ ಖರ್ಚಾದರೂ ಕೊಟ್ಟಿರುತ್ತಾಳೆ. ನಮ್ಮ ಯಜಮಾನರು ಕೊಟ್ಟದ್ದು ಸನ್ಮಾನದ ಶಾಲು.

ಒಂದೇ ಒಂದು ಕೆಲಸಕ್ಕೆ ಮಾತ್ರ ಕೌದಿ ಹೊಲಿಯುವವಳು ಗಂಡಸರನ್ನು ಕರೆಯುತ್ತಾಳೆ. ನಲವತ್ತೈದು ದಾಟಿದ ಮೇಲೆ ಸೂಜಿಯ ಕಣ್ಣು ಕಾಣುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಸಾಲಿಗೆ ಹೋಗುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ತಲೆದಿಂಬಿಗೆ ಚುಚ್ಚಿಟ್ಟು ಹೋಗುತ್ತವೆ. ಅಷ್ಟು ಬಂಡವಾಳದಲ್ಲಿ ಇಡೀ ದಿನ ನಡೆಯುತ್ತದೆ. ಮಕ್ಕಳು ಊರಲ್ಲಿಲ್ಲದ ದಿನ ಯಜಮಾನರ ಸರದಿ.

"ರೀ, ಇವಕ್ಕ ಸ್ವಲ್ಪ ದಾರ ಪೋಣಿಸಿ ಕೊಡ್ರಿ."

ಮೊದಲು ಕನ್ನಡಕ ಸಿಗುವುದಿಲ್ಲ. ಸಿಕ್ಕ ಮೇಲೆ ಒರೆಸಬೇಕಾಗುತ್ತದೆ. ಬೆಳಕಿಗೆಂದು ಕುರ್ಚಿ ಬಾಗಿಲಿಗೆ ಬರುತ್ತದೆ, ಕುರ್ಚಿಯ ಹಿಂದೆ 'ಒಂದರ್ಧ ಕಪ್ ಚಾ' ಬರಬೇಕಾಗುತ್ತದೆ. ಚಾ ಮಾಡಲು ಆಕೆ ಹೊಲಿಗೆ ಬಿಟ್ಟು ಏಳುತ್ತಾಳೆ. ದಾರದ ತುದಿ ಎಂಜಲಿಗೆ ಹಸಿಯಾಗುತ್ತದೆ, ಚೂಪಾಗುತ್ತದೆ, ಸೂಜಿಯ ಈಚೆಗೊಮ್ಮೆ ಆಚೆಗೊಮ್ಮೆ ಹೋಗುತ್ತದೆ. ಸೂಜಿಯದೇ ದೋಷ, ಈಗಿನ ಮಾಲು ಸರಿಯಿಲ್ಲ ಎಂಬ ತಾಂತ್ರಿಕ ವರದಿ ಹೊರಬೀಳುತ್ತದೆ. ಕಟ್ಟೆಯ ಮುಂದೆ ಹಾದುಹೋಗುವ ಇಬ್ಬರು ನಿಂತು ಸಲಹೆ ಕೊಡುತ್ತಾರೆ. ಅಂತೂ ದಾರ ಒಳಗೆ ಹೋಗುತ್ತದೆ. ಯಜಮಾನರು ಸೂಜಿಯನ್ನು ಕೌದಿಯ ನಟ್ಟನಡುವೆ, ಬಣ್ಣದ ತುಂಡುಗಳು ಚೆನ್ನಾಗಿ ಕಾಣುವ ಹಾಗೆ ಚುಚ್ಚಿ, ಮೊಬೈಲಿನಲ್ಲಿ ಫೋಟೊ ತೆಗೆದು, 'ನಮ್ಮ ಮನೆಯ ಕೌದಿ' ಎಂದು ಬರೆದು ಬೀಗರ ಗುಂಪಿಗೂ, ನಿವೃತ್ತ ನೌಕರರ ಗುಂಪಿಗೂ ಕಳಿಸುತ್ತಾರೆ. ಹೆಬ್ಬೆರಳು, ಹೂವು, ಕೈಮುಗಿದ ಚಿತ್ರಗಳು ಸುರಿಯತೊಡಗುತ್ತವೆ. ಒಬ್ಬರು ಸನ್ಮಾನದ ಮಾತೆತ್ತುತ್ತಾರೆ.

ಆಕೆ ಚಾದ ಕಪ್ಪು ಕೆಳಗಿಟ್ಟು, ತಲೆದಿಂಬನ್ನು ಅವರ ಮುಂದೆ ಸರಿಸುತ್ತಾಳೆ. "ಇನ್ನೂ ಒಂಬತ್ತ ಅದಾವ್ರಿ."